ಓದಿಗೂ ಒಂದು ಕಿರ್ದಿ, ಒಂದು ಖಾತೆ: ಫೈನಾನ್ಸ್ ಮುಖ್ಯಸ್ಥರಿಗೆ ಜೀವನಪೂರ್ತಿ ಓದಿನ ಸಮಗ್ರ ಮಾರ್ಗದರ್ಶಿ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಅಕೌಂಟ್ಸ್ ಮ್ಯಾನೇಜರ್ ಆಗಿದ್ದೆ. ಒಂದು ತಿಂಗಳ ರಿವ್ಯೂ ಮೀಟಿಂಗಿನಲ್ಲಿ ಯೂನಿಟ್ ಕಾಸ್ಟ್ ಚೆನ್ನಾಗಿ ಇಳಿದಿದೆ, ಲಾಭ ಏರಿದೆ ಎಂದು ಲೆಕ್ಕ ತೋರಿಸಿದೆ. ಎಲ್ಲರಿಗೂ ಸಂತೋಷ. ಮೀಟಿಂಗ್ ಮುಗಿಸಿ ಹೊರಗೆ ಬಂದರೆ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಚಲನ್ ಪುಸ್ತಕ ಹಿಡಿದು ನಿಂತಿದ್ದರು. "ಕಾಸ್ಟ್ ಇಳಿದಿರೋದು ಸರಿ ಸಾರ್. ಗೋಡೌನ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ. ಪಕ್ಕದ ಶೆಡ್ ಬಾಡಿಗೆಗೆ ತಗೊಳ್ಳೋಣ್ವಾ?" ಎಂದರು.

ಅವರ ಮಾತಿನಲ್ಲೇ ಎಲ್ಲವೂ ಇತ್ತು, ನನಗೆ ಕೇಳಿಸಲಿಲ್ಲ. ಅಂಕಿಗಳನ್ನು ಸರಳ ಮಾಡಿ ಹೇಳುತ್ತೇನೆ. ತಿಂಗಳ ಸ್ಥಿರ ವೆಚ್ಚ (ಎಷ್ಟೇ ಪೀಸ್ ಮಾಡಿದರೂ ಬದಲಾಗದ ಬಾಡಿಗೆ, ಸಂಬಳದಂಥ ಖರ್ಚು) ₹60 ಲಕ್ಷ. 10,000 ಪೀಸ್ ಮಾಡಿದರೆ ಪೀಸಿಗೆ ₹600 ಬೀಳುತ್ತದೆ, 15,000 ಮಾಡಿದರೆ ₹400. ಮಾರಾಟವಾದದ್ದು ಮಾತ್ರ 10,000. ಉಳಿದ 5,000 ಪೀಸುಗಳ ಬೆನ್ನೇರಿ ₹20 ಲಕ್ಷ ಸ್ಥಿರ ವೆಚ್ಚ ಗೋಡೌನಿಗೆ ಹೋಗಿ ಕೂತಿತು. ಒಂದು ಪೀಸೂ ಹೆಚ್ಚು ಮಾರದೆ ಲಾಭದಲ್ಲಿ ₹20 ಲಕ್ಷ ಏರಿಕೆ! ಬ್ಯಾಂಕಿನಲ್ಲಿ ನೋಡಿದರೆ ಆ 5,000 ಪೀಸಿನ ಕಚ್ಚಾಮಾಲಿನ ದುಡ್ಡೂ ಖಾಲಿ.

ಸ್ಥಿರ ವೆಚ್ಚವನ್ನು ತಯಾರಾದ ಪೀಸುಗಳ ಮೇಲೆಲ್ಲ ಹಂಚುವ ಈ ಪದ್ಧತಿಗೆ ಅಬ್ಸಾರ್ಪ್ಷನ್ ಕಾಸ್ಟಿಂಗ್ ಎನ್ನುತ್ತಾರೆ; ಅದೇನು ಎಂದು ಯಾರು ಕೇಳಿದ್ದರೂ ಆಗ ಥಟ್ಟನೆ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯ. ಆದರೆ ನಮ್ಮದೇ ಗೋಡೌನಿನಲ್ಲಿ ಅದು ಮೈದಾಳಿ ನಿಂತಿದ್ದನ್ನು ಗುರುತಿಸಲು ಒಂದು ಕಾದಂಬರಿ ಬೇಕಾಯಿತು. ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ಪ್ರಕಟಿಸಿದ ‘ದ ಗೋಲ್’ ಒಬ್ಬ ಕಾರ್ಖಾನೆ ಮ್ಯಾನೇಜರನ ಕಥೆ. ಅಲ್ಲಿ ರೋಬೋಗಳು ಬಂದು ದಕ್ಷತೆಯ ಅಂಕಿ ಏರುತ್ತದೆ, ಸರಕು ಗುಡ್ಡೆ ಬೀಳುತ್ತದೆ, ಆರ್ಡರ್‌ಗಳು ಮಾತ್ರ ತಡವಾಗುತ್ತಲೇ ಇರುತ್ತವೆ. ಓದುತ್ತಾ ಓದುತ್ತಾ ಸ್ಟೋರ್ಸಿನ ಹಿರಿಯರ ಮುಖ ಕಣ್ಣ ಮುಂದೆ ಬಂತು. ಮರುದಿನವೇ ಗೋಡೌನಿಗೆ ಹೋಗಿ ಪೆಟ್ಟಿಗೆಗಳ ಮೇಲಿನ ತಾರೀಕು ನೋಡಿಕೊಂಡು ಬಂದೆ.

ಫೈನಾನ್ಸ್ ಕೆಲಸದಲ್ಲಿರುವವರು ಓದಬೇಕಾದದ್ದು ಈ ರೀತಿ. ಪುಸ್ತಕದ ಮಾತು ನಮ್ಮ ಲೆಕ್ಕದ ಪುಸ್ತಕದ ಮೇಲೆ ಬಂದು ಬೀಳಬೇಕು. ಎಷ್ಟು ಪುಸ್ತಕ ಮುಗಿಸಿದಿರಿ ಎಂಬುದಕ್ಕಿಂತ, ಓದಿದ ಯಾವ ಮಾತು ಯಾವ ಖಾತೆಗೆ ಏರಿತು ಎಂಬುದೇ ಮುಖ್ಯ. ಸಿಎಫ್‌ಓ (ಕಂಪನಿಯ ಹಣಕಾಸು ಮುಖ್ಯಸ್ಥರು), ಕಂಟ್ರೋಲರ್ (ಲೆಕ್ಕವಿಭಾಗದ ಮುಖ್ಯಸ್ಥರು), ಸಿಎ ಫರ್ಮ್ ನಡೆಸುವವರು, ಸ್ವಂತ ಉದ್ಯಮದ ಲೆಕ್ಕ ನೋಡಿಕೊಳ್ಳುವವರು, ಇವರೆಲ್ಲರಿಗೂ ಆಗುವಂತೆ ನಾನು ವರ್ಷಗಳಿಂದ ಇಟ್ಟುಕೊಂಡು ಬಂದಿರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ಪುಸ್ತಕಕ್ಕೆ ಮೊದಲು ಪ್ರಶ್ನೆ

ಹೊಸ ಪುಸ್ತಕ ಕೊಳ್ಳುವ ಮುನ್ನ ಒಂದು ಹಾಳೆಯ ಮೇಲೆ ನಿಮ್ಮ ಮೇಜಿನ ಮೇಲಿರುವ ಮೂರು ಪ್ರಶ್ನೆ ಬರೆಯಿರಿ. ಪಠ್ಯಪುಸ್ತಕದ ಭಾಷೆ ಬೇಡ, ಮೀಟಿಂಗಿನಲ್ಲಿ ಮಾತಾಡುವ ಹಾಗೇ ಇರಲಿ. ‘ವರ್ಕಿಂಗ್ ಕ್ಯಾಪಿಟಲ್ ನಿರ್ವಹಣೆ’ ಎಂದು ಬರೆದರೆ ಅದು ಅಧ್ಯಾಯದ ತಲೆಬರಹವಾಯಿತು. ‘ಎರಡು ವರ್ಷದ ಹಿಂದೆ 60 ದಿನಕ್ಕೆ ಬರುತ್ತಿದ್ದ ವಸೂಲಿ ಈಗ 80 ದಿನ ಹಿಡಿಯುತ್ತಿದೆ, ಹಳೇ ಗಿರಾಕಿಗಳೇ ಬದಲಾದರಾ, ನಾವೇ ಸಡಿಲ ಬಿಟ್ಟೆವಾ?’ ಎಂದು ಬರೆದರೆ ಪ್ರಶ್ನೆ ಹುಟ್ಟಿತು. ‘ಹೊಸ ಯಂತ್ರ ಕೊಳ್ಳುವುದೋ, ಲೀಸಿಗೆ ತೆಗೆದುಕೊಳ್ಳುವುದೋ?’, ‘ಟೀಮಿನ ಒಳ್ಳೆಯ ಹುಡುಗರೇ ಯಾಕೆ ಮೊದಲು ಬಿಟ್ಟುಹೋಗುತ್ತಿದ್ದಾರೆ?’ ಇಂಥವೂ ಫೈನಾನ್ಸ್ ಪ್ರಶ್ನೆಗಳೇ.

ಮೂರರಲ್ಲಿ ಒಂದು ಜನರ ಬಗ್ಗೆ ಇರಲಿ. ನಮ್ಮವರ ಪಟ್ಟಿಗಳಲ್ಲಿ ಇದೇ ಯಾವಾಗಲೂ ಬಿಟ್ಟುಹೋಗುವುದು.

ಹಂತ 2: ಕಿರ್ದಿ, ಖಾತೆ, ಸಸ್ಪೆನ್ಸ್

1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಜೋಡಿ ನಮೂದಿನ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ, ಲೆಕ್ಕವನ್ನು ವಿವರಿಸುವಾಗ ವ್ಯಾಪಾರಿಗೆ ಮೂರು ಪುಸ್ತಕ ಹೇಳಿದ: ನಡೆದದ್ದನ್ನು ಆಗಿಂದಾಗ ಗೀಚಿಕೊಳ್ಳುವ ಟಿಪ್ಪಣಿ, ದಿನವಹಿ, ಖಾತೆ. ನಮ್ಮ ಅಂಗಡಿಗಳ ಕೆಂಪು ಬಟ್ಟೆಯ ಕಿರ್ದಿ-ಖಾತೆಗಳೂ ಇದೇ ಬುದ್ಧಿಯವು. ನಡೆದದ್ದು ನಡೆದ ದಿನವೇ ಕಿರ್ದಿಗೆ, ಅಲ್ಲಿಂದ ಹೆಸರು ಹಿಡಿದು ಖಾತೆಗೆ, ಕೊನೆಗೆ ತಾಳೆ. ಓದಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಸಿಕ್ಕಿಲ್ಲ.

ಇನ್ನೂರು ಪುಟದ ಎರಡು ಲಾಂಗ್ ನೋಟ್‌ಬುಕ್ ಸಾಕು. ಮೊದಲನೆಯದು ಕಿರ್ದಿ. ಪ್ರತಿ ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಪುಸ್ತಕ ಹೇಳಿದ್ದು, ಬಲಕ್ಕೆ ನಮ್ಮಲ್ಲಿ ಅದಕ್ಕೆ ಎದುರಾಗಿ ನಿಲ್ಲುವ ಸಂಗತಿ. ನನ್ನ ಕಿರ್ದಿಯ ಒಂದು ನಮೂದು ಹೀಗಿದೆ:

ಎಡಕ್ಕೆ: ಅಡಚಣೆ ಇರುವ ಯಂತ್ರದಲ್ಲಿ ಒಂದು ಗಂಟೆ ಹೋದರೆ ಇಡೀ ಕಾರ್ಖಾನೆಯ ಒಂದು ಗಂಟೆ ಹೋದಂತೆ.

ಬಲಕ್ಕೆ: ನಮ್ಮಲ್ಲಿ ಅಡಚಣೆ ಗ್ರೈಂಡಿಂಗ್‌ನಲ್ಲಿ. ಊಟದ ಹೊತ್ತಿನಲ್ಲಿ ಅದೂ ನಿಲ್ಲುತ್ತದೆ. ಒಬ್ಬ ಆಪರೇಟರ್ ಹೆಚ್ಚಿಗೆ ಇಟ್ಟರೆ ಖರ್ಚು ಎಷ್ಟು, ಸಿಗುವ ಗಂಟೆ ಎಷ್ಟು? ಪ್ರೊಡಕ್ಷನ್‌ನವರನ್ನು ಕೇಳಬೇಕು.

ಇದೊಂದು ಜೋಡಿ ನಮೂದು. ಎಡಕ್ಕೆ ಬರೆದು ಬಲಗಡೆ ಖಾಲಿ ಬಿಡಬೇಡಿ. ಎದುರಿಗೆ ಬರೆಯಲು ಏನೂ ಹೊಳೆಯದಿದ್ದರೆ ‘ಸಸ್ಪೆನ್ಸ್’ ಎಂದು ಬರೆಯಿರಿ. ಎಲ್ಲಿಗೆ ಸೇರುತ್ತದೆಂದು ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಅಕೌಂಟಿನಲ್ಲಿ ಅದು ಬಹಳ ದಿನ ಉಳಿದರೆ ಒಳ್ಳೆಯ ಅಕೌಂಟೆಂಟಿಗೆ ನಿದ್ದೆ ಬರುವುದಿಲ್ಲ. ಅದೇ ಕಸಿವಿಸಿ ಇಲ್ಲೂ ಇರಲಿ. ಮೂರು ತಿಂಗಳಿಗೊಮ್ಮೆ ಕೂತು ಸಸ್ಪೆನ್ಸ್ ತೀರಿಸಬೇಕು: ಒಂದೋ ಅದಕ್ಕೆ ನಮ್ಮಲ್ಲಿ ಜಾಗ ಸಿಕ್ಕಿತು, ಇಲ್ಲವೇ ಅದು ನಮಗೆ ಸಂಬಂಧವಿಲ್ಲ ಎಂದು ರೈಟ್‌ಆಫ್.

ಎರಡನೆಯ ಪುಸ್ತಕ ಖಾತೆ. ಅದರಲ್ಲಿ ಪುಸ್ತಕಗಳ ಹೆಸರಿನಲ್ಲಿ ಪುಟ ತೆರೆಯಬೇಡಿ. ನಗದು, ಸಾಲ, ದಾಸ್ತಾನು, ಬೆಲೆ, ಜನ, ಬಂಡವಾಳ ಹೂಡಿಕೆ, ಮೋಸ, ಬೋರ್ಡು, ಹೀಗೆ ವಿಷಯದ ಹೆಸರಿನಲ್ಲಿ ತೆರೆಯಿರಿ. ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಗ್ಗೆ ಕಿರ್ದಿಯಿಂದ ಖಾತೆಗೆ ಏರಿಸಿ. ಮೂರು ಬೇರೆ ಬೇರೆ ಕಾಲದ, ಬೇರೆ ಬೇರೆ ಧಂಧೆಯ ಪುಸ್ತಕಗಳು ‘ದಾಸ್ತಾನು’ ಪುಟದಲ್ಲಿ ಅಕ್ಕಪಕ್ಕ ಬಂದು ಕೂತಾಗ, ಯಾವ ಪುಸ್ತಕವೂ ಒಂಟಿಯಾಗಿ ಹೇಳದ ಮಾತು ಅಲ್ಲಿ ಕಾಣತೊಡಗುತ್ತದೆ. ಈ ಕೆಲಸ ಎಕ್ಸೆಲ್‌ನಲ್ಲೂ ಮಾಡಬಹುದು. ನಾನು ಕೈಯಲ್ಲೇ ಬರೆಯುತ್ತೇನೆ, ಬರೆಯುವಾಗ ನಿಧಾನವಾಗುತ್ತದೆ, ನಿಧಾನವಾದಾಗಲೇ ಬಲಗಡೆಯ ಸಾಲು ಹೊಳೆಯುತ್ತದೆ.

ಹಂತ 3: ಡ್ಯೂ ಡೇಟ್‌ಗಳ ನಡುವೆ ಓದಿನ ಪಂಚಾಂಗ

‘ದಿನಾ ಒಂದು ಗಂಟೆ ಓದಿ’ ಎಂಬ ಉಪದೇಶ ನಮ್ಮ ವೃತ್ತಿಯಲ್ಲಿ ಎರಡು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ. ತಿಂಗಳ ಮೊದಲ ವಾರ ಹಿಂದಿನ ತಿಂಗಳ ಲೆಕ್ಕ ಮುಗಿಸುವ ಕ್ಲೋಸಿಂಗ್. 7ಕ್ಕೆ ಮೂಲದಲ್ಲೇ ಹಿಡಿದ ತೆರಿಗೆ (ಟಿಡಿಎಸ್), 11ಕ್ಕೆ ಮಾರಾಟದ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್ 3ಬಿ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್. ಷೇರುಪೇಟೆಯಲ್ಲಿರುವ (ಲಿಸ್ಟೆಡ್) ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶಕ್ಕೆ 45 ದಿನ, ವರ್ಷದ ಫಲಿತಾಂಶಕ್ಕೆ 60 ದಿನ. ಸೆಪ್ಟೆಂಬರ್ 30ರೊಳಗೆ ಷೇರುದಾರರ ವಾರ್ಷಿಕ ಸಭೆ (ಎಜಿಎಂ). ಓದು ಈ ತಾರೀಕುಗಳ ಸಂದಿಯಲ್ಲಿ ಬೆಳೆಯಬೇಕಾದ ಬೆಳೆ.

ನಾನು ಮಾಡುವುದು ಹೀಗೆ. ಏಪ್ರಿಲ್, ಮೇ ತಿಂಗಳಲ್ಲಿ ಆಡಿಟ್ ನಡೆಯುತ್ತಿರುತ್ತದೆ, ಹೊಸ ಪುಸ್ತಕ ಹಿಡಿಯುವುದಿಲ್ಲ. ಹಿಂದೆ ಓದಿದ್ದರ ಖಾತೆ ಪುಟ ತಿರುವುತ್ತೇನೆ, ಇಲ್ಲವೇ ಬರ್ಕ್‌ಷೈರ್ ಹ್ಯಾಥವೇ ಷೇರುದಾರರಿಗೆ ವಾರೆನ್ ಬಫೆಟ್ ಬರೆದ ಪತ್ರಗಳಲ್ಲಿ ಒಂದನ್ನು ತೆಗೆಯುತ್ತೇನೆ. 1977ರಿಂದೀಚಿನ ಪತ್ರಗಳು ಆ ಕಂಪನಿಯ ತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಜೂನ್ 15 ದಾಟಿದ ಮೇಲಿನ ಎರಡು ವಾರ ಮಧ್ಯಮ ಗಾತ್ರದ ಪುಸ್ತಕಕ್ಕೆ ಹಿತ. ಆಗಸ್ಟ್ 15 ಆದಮೇಲೆ ಬೇರೆ ಕಂಪನಿಗಳ ವಾರ್ಷಿಕ ವರದಿಗಳು, ಎಜಿಎಂ ಹತ್ತಿರವಿರುವುದರಿಂದ ಅವು ಆಗ ಬಿಸಿಬಿಸಿಯಾಗಿ ಬಂದಿರುತ್ತವೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗಿನ ಆರು ವಾರ ನಮಗೆ ಸುಗ್ಗಿ. ವರ್ಷದ ಅತಿ ದಪ್ಪ, ಅತಿ ಕಷ್ಟದ ಪುಸ್ತಕವನ್ನು ಆಗಲೇ ಓದಿ. ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲಿ ಬರೆದ ‘ಸೆಕ್ಯುರಿಟಿ ಅನಾಲಿಸಿಸ್’ನಂಥದ್ದು ಬೇರೆ ಯಾವ ತಿಂಗಳಲ್ಲೂ ಮುಗಿಯುವುದಿಲ್ಲ.

ದಿನದ ಲೆಕ್ಕ ಬಹಳ ಸಣ್ಣದು. ದಿನಕ್ಕೆ 12 ಪುಟದಂತೆ ವರ್ಷದ 250 ಕೆಲಸದ ದಿನಕ್ಕೆ 3,000 ಪುಟ, ಅಂದರೆ 300 ಪುಟದ ಹತ್ತು ಪುಸ್ತಕ. ಈ 12 ಪುಟ ಮೆಟ್ರೋದಲ್ಲೇ ಮುಗಿಯುತ್ತದೆ. ಜಯನಗರದಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ, ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ಒಂದು ಗಂಟೆಗೂ ಮೀರಿದ ಪ್ರಯಾಣ. ಮೆಜೆಸ್ಟಿಕ್‌ವರೆಗೆ ಓದು, ಆಮೇಲೆ ಸೀಟು ಸಿಕ್ಕಾಗ ಕಿರ್ದಿಗೆ ಒಂದು ನಮೂದು. ಸೀಟು ಸಿಗದ ದಿನ ಬಲಗಡೆಯ ಸಾಲನ್ನು ಮನಸ್ಸಿನಲ್ಲೇ ಬರೆದುಕೊಂಡು ಆಫೀಸ್ ಮುಟ್ಟಿದ ತಕ್ಷಣ ಇಳಿಸುತ್ತೇನೆ, ಮೇಲ್ ತೆರೆಯುವುದಕ್ಕೆ ಮೊದಲು. ಮೇಲ್ ತೆರೆದರೆ ಹೋಯಿತು.

ಹಂತ 4: ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ

ಬಿಸಿನೆಸ್ ಪುಸ್ತಕಗಳ ಬಗ್ಗೆ ಹೇಳುವ ಮೊದಲು ಇದನ್ನು ಹೇಳಲೇಬೇಕು. ಫೈನಾನ್ಸ್ ಮುಖ್ಯಸ್ಥರಿಗೆ ಜಗತ್ತಿನ ಅತ್ಯುತ್ತಮ ಬಿಸಿನೆಸ್ ಸಾಹಿತ್ಯ ಪುಕ್ಕಟೆಯಾಗಿ ಸಿಗುತ್ತದೆ, ಅದೇ ವಾರ್ಷಿಕ ವರದಿ. ತಿಂಗಳಿಗೆ ಒಂದು, ನಿಮ್ಮದಲ್ಲದ ಕಂಪನಿಯದು. ಆದರೆ ಓದುವ ಕ್ರಮ ಮುಖ್ಯ. ಅಧ್ಯಕ್ಷರ ಪತ್ರ, ನಗುಮುಖದ ಫೋಟೋಗಳಿಂದ ಶುರುಮಾಡಿದರೆ ಅವರು ತೋರಿಸಿದ್ದನ್ನೇ ನೋಡುತ್ತೀರಿ.

ಮೊದಲು ಆಡಿಟರ್ ವರದಿ. ಅಭಿಪ್ರಾಯ ಕ್ಲೀನ್ ಇದೆಯೋ, ಏನಾದರೂ ಕೊಕ್ಕೆ ಇದೆಯೋ ನೋಡಿ. ಕೀ ಆಡಿಟ್ ಮ್ಯಾಟರ್ಸ್ ಭಾಗದಲ್ಲಿ ಆಡಿಟರ್ ಯಾವ ವಿಷಯಕ್ಕೆ ಬೆವರು ಸುರಿಸಿದರು ಎಂಬುದು ಇರುತ್ತದೆ, ಆ ಕಂಪನಿಯ ಲೆಕ್ಕದಲ್ಲಿ ಅಂದಾಜಿನ ಪಾಲು ಎಲ್ಲಿ ಹೆಚ್ಚು ಎಂಬುದರ ನಕ್ಷೆ ಅದು. ಅನುಬಂಧದಲ್ಲಿ, ಕಾರೋ 2020 ಎಂಬ ಸರ್ಕಾರಿ ಆದೇಶದ ಪ್ರಕಾರ ಆಡಿಟರ್ ಹೇಳಲೇಬೇಕಾದ ಅಂಶಗಳಲ್ಲಿ ಬಾಕಿ ಉಳಿದ ತೆರಿಗೆ, ಪಿಎಫ್, ಸಾಲ ತೀರಿಸುವುದರಲ್ಲಿ ತಪ್ಪಿದ ಕಂತು ಇವೆಯೇ ಎಂದು ಒಂದು ಕಣ್ಣು ಹಾಯಿಸಿ.

ಆಮೇಲೆ ಕ್ಯಾಶ್ ಫ್ಲೋ, ಅಂದರೆ ನಗದು ಬಂದು ಹೋದ ಲೆಕ್ಕ. ಐದು ವರ್ಷದ ನಿವ್ವಳ ಲಾಭ ಕೂಡಿಸಿ, ಐದು ವರ್ಷದ ಕಾರ್ಯಾಚರಣೆಯ ನಗದು ಕೂಡಿಸಿ, ಎರಡನ್ನೂ ಅಕ್ಕಪಕ್ಕ ಬರೆಯಿರಿ. ಒಂದು ವರ್ಷದ ವ್ಯತ್ಯಾಸಕ್ಕೆ ನೂರು ಕಾರಣ ಇರಬಹುದು. ಐದು ವರ್ಷವೂ ಲಾಭ ಮುಂದೆ, ನಗದು ಹಿಂದೆ ಅಂದರೆ ಉಳಿದದ್ದು ಎಲ್ಲಿ ಕೂತಿದೆ ಎಂದು ಹುಡುಕಬೇಕು: ಗಿರಾಕಿಗಳ ಬಾಕಿಯಲ್ಲೋ, ಗೋಡೌನಿನಲ್ಲೋ. ಪೀಣ್ಯದಲ್ಲಿ ನನಗೆ ಈ ಅಭ್ಯಾಸ ಇದ್ದಿದ್ದರೆ ನಮ್ಮದೇ ಕಥೆ ನನಗೆ ಮೊದಲೇ ಕಾಣುತ್ತಿತ್ತು.

ಮೂರನೆಯದು ನೋಟ್ಸ್, ಅಂದರೆ ಲೆಕ್ಕಪತ್ರದ ಜೊತೆ ಬರುವ ವಿವರಣೆಗಳು. 2021ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯ ಷೆಡ್ಯೂಲ್ 3ಕ್ಕೆ ಬಂದ ತಿದ್ದುಪಡಿಯ ನಂತರ ಗಿರಾಕಿ ಬಾಕಿಯ ವಯಸ್ಸಿನ ಪಟ್ಟಿ ಕೊಡಲೇಬೇಕು: ಆರು ತಿಂಗಳೊಳಗಿನದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು. ಅನುಪಾತಗಳು ಹಿಂದಿನ ವರ್ಷಕ್ಕಿಂತ ಶೇ 25ಕ್ಕಿಂತ ಹೆಚ್ಚು ಬದಲಾಗಿದ್ದರೆ ಕಾರಣವನ್ನೂ ಬರೆಯಬೇಕು. ಆ ಕಾರಣದ ಸಾಲುಗಳನ್ನು ಬಿಡದೆ ಓದಿ, ಒಂದು ಕಂಪನಿ ನೇರವಾಗಿ ಮಾತಾಡುತ್ತದೆಯೋ ಸುತ್ತಿ ಬಳಸಿ ಮಾತಾಡುತ್ತದೆಯೋ ಅಲ್ಲೇ ಗೊತ್ತಾಗುತ್ತದೆ. ಸಂಬಂಧಿತ ಪಕ್ಷಗಳ (ಮಾಲೀಕರ ಬಂಧುಗಳು, ಅವರ ಬೇರೆ ಕಂಪನಿಗಳಂಥವರ) ವ್ಯವಹಾರ, ಕಂಟಿಂಜೆಂಟ್ ಲಯಬಿಲಿಟಿ (ಮುಂದೆ ಬೀಳಬಹುದಾದ ಹೊಣೆ) ಇವನ್ನು ಪೆನ್ಸಿಲ್ ಹಿಡಿದೇ ಓದಬೇಕು.

ಅಧ್ಯಕ್ಷರ ಪತ್ರ ಕೊನೆಗೆ. ಪಕ್ಕದಲ್ಲಿ ಮೂರು ವರ್ಷದ ಹಿಂದಿನ ಪತ್ರವನ್ನೂ ಇಟ್ಟುಕೊಳ್ಳಿ. ಅಂದು ಹೇಳಿದ್ದು ಇಂದಿನ ಅಂಕಿಯಲ್ಲಿ ಇದೆಯೇ?

ನಮ್ಮ ಊರಿನದೇ ಒಂದು ಮಾದರಿ ಇನ್ಫೋಸಿಸ್‌ನ ತೊಂಬತ್ತರ ದಶಕದ ಕೊನೆಯ ವರದಿಗಳು. 1999ರ ಮಾರ್ಚ್‌ನಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ನಲ್ಲಿ ಲಿಸ್ಟ್ ಆದ ಆ ಕಂಪನಿ, ಭಾರತದಲ್ಲಿ ನೋಂದಣಿಯಾದ ಕಂಪನಿಗಳಲ್ಲಿ ಅಲ್ಲಿ ಲಿಸ್ಟ್ ಆದ ಮೊದಲನೆಯದು. ಬ್ರ್ಯಾಂಡಿನ ಮೌಲ್ಯ, ಮಾನವ ಸಂಪನ್ಮೂಲದ ಮೌಲ್ಯ ಹೀಗೆ ಕಾನೂನು ಕೇಳದ ಲೆಕ್ಕಗಳನ್ನೂ ಅದು ಷೇರುದಾರರ ಮುಂದಿಟ್ಟಿತು. ಆ ಮೌಲ್ಯಮಾಪನದ ವಿಧಾನಗಳನ್ನು ನೀವು ಒಪ್ಪಬೇಕೆಂದಿಲ್ಲ. ಕೇಳದೇ ಹೇಳುವ ಧೈರ್ಯ ಹೇಗಿರುತ್ತದೆ ಎಂದು ನೋಡಲು ಓದಿ.

ಇನ್ನೊಂದು ಮಾದರಿ ಹೈದರಾಬಾದಿನದು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗರಾಜು ಬೋರ್ಡಿಗೆ ಬರೆದ ಪತ್ರ. 2008ರ ಸೆಪ್ಟೆಂಬರ್ 30ರ ಪುಸ್ತಕದಲ್ಲಿ ತೋರಿಸಿದ್ದ ₹5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇರಲೇ ಇಲ್ಲ ಎಂದು ಅದರಲ್ಲಿದೆ. ನೂರಕ್ಕೆ 94 ಪಾಲು! ಇರದ ದುಡ್ಡಿನ ಮೇಲೆ ಬರಬೇಕಾದ ಬಡ್ಡಿ ಎಂದು ₹376 ಕೋಟಿಯನ್ನೂ ತೋರಿಸಲಾಗಿತ್ತು. ನಗದು ಅಂದರೆ ಎಲ್ಲಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದ ಬಾಬ್ತು ಎಂದು ನಾವೆಲ್ಲ ಕಲಿತದ್ದು. ಆ ನಂಬಿಕೆಯೇ ಅಲ್ಲಿ ಅಡಗುದಾಣವಾಯಿತು. ನಾಲ್ಕೈದು ಪುಟದೊಳಗಿನ ಈ ದಾಖಲೆ ಎಷ್ಟೋ ದಪ್ಪ ಪುಸ್ತಕಗಳಿಗಿಂತ ಹೆಚ್ಚು ಕಲಿಸುತ್ತದೆ.

ಲಿಸ್ಟೆಡ್ ಕಂಪನಿಯ ಫಲಿತಾಂಶ ಬೋರ್ಡಿನ ಮುಂದೆ ಹೋಗುವಾಗ ಅದರಲ್ಲಿ ಸುಳ್ಳು ಅಥವಾ ದಾರಿ ತಪ್ಪಿಸುವ ಮಾತಿಲ್ಲ ಎಂದು ಸಿಇಓ ಜೊತೆ ಸಿಎಫ್‌ಓ ಕೂಡ ಪ್ರಮಾಣೀಕರಿಸಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಹೇಳುತ್ತದೆ. ಆ ರುಜುವಿನ ಭಾರ ಎಷ್ಟು ಎಂಬುದು ಇಂಥ ಪತ್ರ ಓದಿದವರಿಗೆ ತಿಳಿಯುತ್ತದೆ.

ಹಂತ 5: ಬಿಸಿನೆಸ್ ಪುಸ್ತಕವನ್ನು ಆಡಿಟ್ ಮಾಡಿ

ಬಿಸಿನೆಸ್ ಪುಸ್ತಕ ಒಂದು ಕ್ಲೇಮ್. ಕ್ಲೇಮಿಗೆ ವೋಚರ್, ಅಂದರೆ ಆಧಾರದ ಚೀಟಿ, ಕೇಳುವುದು ನಮ್ಮ ವೃತ್ತಿಧರ್ಮ.

ಮೊದಲು ಪ್ರಕಟವಾದ ವರ್ಷ ನೋಡಿ. ಆಮೇಲೆ ಅದರಲ್ಲಿ ಹೊಗಳಿದ ಕಂಪನಿಗಳು ಇಂದು ಎಲ್ಲಿವೆ ಎಂದು ನೋಡಿ. ಜಿಮ್ ಕಾಲಿನ್ಸ್ 2001ರಲ್ಲಿ ಬರೆದ ‘ಗುಡ್ ಟು ಗ್ರೇಟ್’ ಹನ್ನೊಂದು ಕಂಪನಿಗಳನ್ನು ಶ್ರೇಷ್ಠತೆಯ ಮಾದರಿ ಎಂದಿತು. ಅವುಗಳಲ್ಲಿ ಸರ್ಕಿಟ್ ಸಿಟಿ 2008ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಗೃಹಸಾಲದ ಸಂಸ್ಥೆ ಫ್ಯಾನಿ ಮೇ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಸುಪರ್ದಿಗೆ ಹೋಯಿತು. ಇಷ್ಟಕ್ಕೇ ಪುಸ್ತಕ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಸರಿಯಾದ ಜನರನ್ನು ಮೊದಲು ಆರಿಸಿ, ದಿಕ್ಕನ್ನು ಆಮೇಲೆ ಗೊತ್ತುಮಾಡಿ ಎಂಬ ಅದರ ಮಾತು ನನ್ನ ‘ಜನ’ ಖಾತೆಯಲ್ಲಿ ಇವತ್ತಿಗೂ ಇದೆ. ಆದರೆ ಗೆದ್ದವರನ್ನು ಸಾಲಾಗಿ ನಿಲ್ಲಿಸಿ, ಅವರಲ್ಲಿ ಸಮಾನವಾಗಿ ಕಂಡದ್ದೇ ಗೆಲುವಿನ ಕಾರಣ ಎನ್ನುವ ವಾದಕ್ಕೆ ನಾವು ಸುಲಭವಾಗಿ ರುಜು ಹಾಕಬಾರದು. ಅದೇ ಗುಣವಿದ್ದೂ ಸೋತವರು ಎಷ್ಟು ಜನ? ಈ ಪ್ರಶ್ನೆಯನ್ನು ಪ್ರತಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಹಾಗಾಗಿ ಗೆಲುವಿನ ಒಂದು ಪುಸ್ತಕ ಓದಿದರೆ ಸೋಲಿನ ಒಂದನ್ನು ಜೊತೆಗೆ ಓದಿ. ರೋಜರ್ ಲೋವೆನ್‌ಸ್ಟೀನ್‌ರ ‘ವೆನ್ ಜೀನಿಯಸ್ ಫೇಲ್ಡ್’ ಎಲ್‌ಟಿಸಿಎಂ ಎಂಬ ಹೆಡ್ಜ್ ಫಂಡಿನ ಕಥೆ. 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಇಬ್ಬರೂ ಅದರ ಪಾಲುದಾರರು. ಮರುವರ್ಷವೇ ಅದು ಮುಳುಗುವ ಹಂತಕ್ಕೆ ಬಂದು, 14 ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ಹಾಕಿ ಎತ್ತಿ ಹಿಡಿಯಬೇಕಾಯಿತು. ಓದಿದ ಮೇಲೆ ಎದುರು ನಮೂದು ಭಾರತದಿಂದ ಬರಲಿ: 2018ರಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಎಲ್&ಎಫ್‌ಎಸ್ ಕಂತು ಕಟ್ಟಲಾಗದೆ ನಿಂತಾಗ ಕೆಲವೇ ವಾರಗಳಲ್ಲಿ ಅದರ ಸಾಲದ ರೇಟಿಂಗ್ ಅತ್ಯುನ್ನತವಾದ ಎಎಎಯಿಂದ ಸಾಲ ಕಟ್ಟದವರ ಡಿಗೆ ಬಿತ್ತು. ಸಮೂಹದ ಸಾಲ ಸುಮಾರು ₹91,000 ಕೋಟಿ. ನಂತರ ಬಲಗಡೆ ನಿಮ್ಮದೇ ಸಾಲು: ನಾಳೆ ಬ್ಯಾಂಕು ಸಿಸಿ (ಕ್ಯಾಶ್ ಕ್ರೆಡಿಟ್ ಸಾಲದ) ಲಿಮಿಟ್ ನಿಲ್ಲಿಸಿದರೆ ಸಂಬಳ, ಸಪ್ಲೈಯರ್, ಜಿಎಸ್‌ಟಿ ಎಲ್ಲ ಸೇರಿ ಎಷ್ಟು ದಿನ ನಡೆಯುತ್ತದೆ? ಉತ್ತರ ದಿನಗಳಲ್ಲಿ ಬರಬೇಕು, ಅನುಪಾತದಲ್ಲಿ ಅಲ್ಲ.

ಸಾರಾಂಶದ ಆ್ಯಪ್‌ಗಳು, ಹದಿನೈದು ನಿಮಿಷದ ಆಡಿಯೋಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಅವು ವೋಚರ್ ಇಲ್ಲದ ಎಂಟ್ರಿಗಳು. ಮೊತ್ತ ಮಾತ್ರ ಕಾಣುತ್ತದೆ, ಅದು ಹೇಗೆ ಬಂತು ಎಂದು ಕಾಣುವುದಿಲ್ಲ. ಯಾವ ಪುಸ್ತಕ ಕೊಳ್ಳಬೇಕು ಎಂದು ತೀರ್ಮಾನಿಸಲು ಬಳಸಿ, ಅಲ್ಲಿಗೇ ನಿಲ್ಲಿಸಿ.

ಎರಡು ಅಧ್ಯಾಯ ಮುಗಿದರೂ ಕಿರ್ದಿಗೆ ಒಂದು ನಮೂದೂ ಬರದಿದ್ದರೆ ಪುಸ್ತಕ ಮುಚ್ಚಿಡಿ. ಕೊಟ್ಟ ದುಡ್ಡು ಹೋಯಿತಲ್ಲ ಎಂದು ಮುಂದುವರಿಸುವುದು ಸಂಕ್ ಕಾಸ್ಟ್, ಅದನ್ನು ನಾವೇ ಬೇರೆಯವರಿಗೆ ಪಾಠ ಹೇಳುತ್ತೇವೆ.

ಹಂತ 6: ಕನ್ನಡದ ಕಪಾಟು

ನಮ್ಮಲ್ಲಿ ಬಹಳ ಜನ ಕೆಲಸದ ಓದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ರಜೆಗೆ ಎಂದು ಬೇರ್ಪಡಿಸಿಬಿಟ್ಟಿದ್ದಾರೆ. ಅದರಿಂದ ಕಳೆದುಕೊಂಡದ್ದು ಬಹಳ. ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರು 1979ರಲ್ಲಿ ಬರೆದ ‘ಶಿಕಾರಿ’ಯಲ್ಲಿ ಕಂಪನಿಯ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪ ಸಸ್ಪೆಂಡ್ ಆಗುತ್ತಾನೆ. ಕಾರಣ ಅವನಿಗೇ ತಿಳಿಯದು. ಆಫೀಸಿನಲ್ಲಿ ಭಯ ಹೇಗೆ ಓಡಾಡುತ್ತದೆ, ಫೋನಿನ ಒಂದು ಮೌನ ಏನು ಹೇಳುತ್ತದೆ ಎಂಬುದನ್ನು ಯಾವ ಮ್ಯಾನೇಜ್‌ಮೆಂಟ್ ಪುಸ್ತಕವೂ ನನಗೆ ಇಷ್ಟು ಹತ್ತಿರದಿಂದ ತೋರಿಸಿಲ್ಲ. ಒಳಗಿನ ತಪ್ಪು ಬಯಲು ಮಾಡುವವರಿಗಾಗಿ ವಿಸಲ್‌ಬ್ಲೋವರ್ ಪಾಲಿಸಿ ಬರೆಯುವವರು, ಎನ್‌ಕ್ವೈರಿ ಕಮಿಟಿಯಲ್ಲಿ ಕೂರುವವರು ಅದನ್ನು ಓದಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ಒಂದು ಮನೆಯದು. ಮಸಾಲೆ ವ್ಯಾಪಾರ ಕೈಹಿಡಿದು ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಹೋದವರಲ್ಲಿ ದುಡ್ಡು ಯಾರ ಮಾತನ್ನು ದೊಡ್ಡದು ಮಾಡಿತು, ಯಾರ ಬಾಯಿ ಕಟ್ಟಿತು ಎಂಬ ಕಥೆ. ಕುಟುಂಬದ ಕಂಪನಿಗಳಿಗೆ ಆಡಿಟ್ ಮಾಡುವವರು ಸಂಬಂಧಿತ ಪಕ್ಷಗಳ ನೋಟ್ ಹಿಡಿಯುವ ಮೊದಲು ಈ ತೆಳ್ಳನೆಯ ಪುಸ್ತಕ ಓದಲಿ. ಡೈನಿಂಗ್ ಟೇಬಲಿನ ಮೇಲೆ ಆಗುವ ತೀರ್ಮಾನಗಳು ಲೆಡ್ಜರಿಗೆ ಬರುವ ಮೊದಲು ಎಷ್ಟು ದೂರ ನಡೆದಿರುತ್ತವೆ ಎಂಬುದು ಅರ್ಥವಾಗುತ್ತದೆ.

ಕನ್ನಡದಲ್ಲಿ ಓದಿದರೆ ಇನ್ನೊಂದು ಲಾಭವಿದೆ. ಶಾಪ್ ಫ್ಲೋರಿನಲ್ಲಿ, ಗೋಡೌನಿನಲ್ಲಿ, ಬ್ರಾಂಚಿನಲ್ಲಿ ಮಾತಾಡುವಾಗ ಬಾಯಿಗೆ ಪದ ಬರುತ್ತದೆ. ‘ದುಡ್ಡು ಸರಕಾಗಿ ಕೂತುಬಿಟ್ಟಿದೆ’ ಎಂದರೆ ಸ್ಟೋರ್ಸಿನವರಿಗೆ ತಕ್ಷಣ ತಿಳಿಯುತ್ತದೆ, ಇನ್ವೆಂಟರಿ ಟರ್ನೋವರ್ ಎಂದರೆ ತಲೆಯಾಡಿಸಿ ಹೊರಟುಹೋಗುತ್ತಾರೆ.

ಹಂತ 7: ಊರಲ್ಲಿ ಎಲ್ಲಿ ಹುಡುಕಬೇಕು

ಎಂಜಿ ರೋಡ್ ಮೆಟ್ರೋ ಇಳಿದರೆ ಚರ್ಚ್ ಸ್ಟ್ರೀಟ್. ಬ್ಲಾಸಮ್ ಮತ್ತು ಬುಕ್‌ವರ್ಮ್‌ನ ಬಿಸಿನೆಸ್ ಕಪಾಟುಗಳಲ್ಲಿ ಹಳೆಯ ಪ್ರತಿಗಳನ್ನು ಮೊದಲು ನೋಡಿ. ಹತ್ತು ಹದಿನೈದು ವರ್ಷ ಕಳೆದರೂ ಜನ ಕೇಳಿಕೊಂಡು ಬರುವ ಪುಸ್ತಕ ಯಾವುದು, ಬಂದ ವರ್ಷವೇ ಹೊಳೆದು ಈಗ ರಾಶಿರಾಶಿಯಾಗಿ ಮಾರಾಟಕ್ಕೆ ಬಿದ್ದಿರುವುದು ಯಾವುದು ಎಂದು ಅಲ್ಲಿನ ಕಪಾಟೇ ಹೇಳುತ್ತದೆ. ಬ್ರಿಗೇಡ್ ರಸ್ತೆಯ ಒಳಗಿನ ಸೆಲೆಕ್ಟ್ ಬುಕ್ ಶಾಪ್‌ನಲ್ಲಿ ಹಳೆಯ, ಅಪರೂಪದ ಪ್ರತಿಗಳು ಸಿಗುತ್ತವೆ. ಪಠ್ಯಪುಸ್ತಕಗಳ ಸೆಕೆಂಡ್ ಹ್ಯಾಂಡ್ ಪ್ರತಿಗಳಿಗೆ ಅವೆನ್ಯೂ ರಸ್ತೆ, ಕನ್ನಡಕ್ಕೆ ಗಾಂಧಿ ಬಜಾರಿನ ಅಂಕಿತ ಅಥವಾ ಗಾಂಧಿನಗರದ ಸಪ್ನ. ಕೊಳ್ಳದೇ ಕೂತು ಓದಬೇಕೆನ್ನುವವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ, ಬಸವನಗುಡಿ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ ಇವೆ.

ಹಂತ 8: ಟೀಮಿನ ಜೊತೆ ಓದಿ

ಒಬ್ಬರೇ ಓದಿದರೆ ನಮ್ಮ ಕಣ್ತಪ್ಪು ನಮಗೆ ಕಾಣುವುದಿಲ್ಲ. ತಿಂಗಳಿಗೆ ಒಂದು ಶುಕ್ರವಾರ, ಸಂಜೆ ನಾಲ್ಕಕ್ಕೆ, 45 ನಿಮಿಷ. 3ಬಿ ಮುಗಿದ ನಂತರದ ಶುಕ್ರವಾರವೇ ಇರಲಿ. ಓದಬೇಕಾದದ್ದು ಹತ್ತು ಪುಟ ಮೀರಬಾರದು: ಒಂದು ಪತ್ರ, ಒಂದು ಆಡಿಟರ್ ವರದಿ, ಒಂದು ಅಧ್ಯಾಯ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಮುಖ್ಯಸ್ಥರು ಕೊನೆಗೆ. ಈ ಒಂದು ನಿಯಮ ಮುರಿದರೆ ಓದು ಹೋಗಿ ಭಾಷಣ ಆಗುತ್ತದೆ. ಪಿಪಿಟಿ ಬೇಡ. ಪ್ರತಿಯೊಬ್ಬರೂ ಒಂದು ಜೋಡಿ ನಮೂದು ತರಬೇಕು, ಎಡಬಲ ಎರಡೂ ತುಂಬಿ.

ಕಾಫಿ ಅಡ್ಡಿಯಿಲ್ಲ. ಫೋನು ಬೇಡ.

ನಮ್ಮ ಮೊದಲ ಶುಕ್ರವಾರಕ್ಕೆ ಸತ್ಯಂ ಪತ್ರವನ್ನೇ ಪ್ರಿಂಟ್ ತೆಗೆದು ಹಂಚಿದ್ದೆ. ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮುಗಿಸಿ ಸೇರಿ ಮೂರು ತಿಂಗಳೂ ಆಗದ ಹುಡುಗಿ ಮೊದಲು ಮಾತಾಡಬೇಕಿತ್ತು. ಹಾಳೆಯನ್ನು ಮಡಚುತ್ತಾ ಬಿಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಎಡಗಡೆ ಅವಳು ಬರೆದಿದ್ದದ್ದು ₹376 ಕೋಟಿ ಬಡ್ಡಿಯ ಸಾಲು. ಬಲಗಡೆ ಬರೆದದ್ದನ್ನು ಓದಿದಳು: "ಸಾರ್, ನಮ್ಮ ಎಫ್‌ಡಿಗಳ ಬ್ಯಾಲೆನ್ಸ್ ಕನ್ಫರ್ಮೇಷನ್ನು ಟ್ರೆಷರಿಯವರೇ ತರಿಸಿ ಫೈಲ್ ಮಾಡ್ತಾರೆ. ಡೆಪಾಸಿಟ್ ಇಡೋರೂ ಅವರೇ. ಬ್ಯಾಂಕಿಂದ ನೇರವಾಗಿ ನಮಗೆ ಯಾವತ್ತಾದ್ರೂ ತರಿಸ್ಕೊಂಡಿದೀವಾ?"

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ತರಿಸಿಕೊಂಡಿರಲಿಲ್ಲ. ಟ್ರೆಷರಿ ನೋಡಿಕೊಳ್ಳುತ್ತಿದ್ದವರೇ ಮೊದಲು ತಲೆಯಾಡಿಸಿ, "ಅವಳು ಹೇಳ್ತಿರೋದು ಸರಿ, ನನ್ನ ಕೈಯಲ್ಲಿ ಅದು ಇರಬಾರದು" ಎಂದರು. ಅವತ್ತೇ ಸಂಜೆ ಐದೂವರೆಗೆ ಮೂರು ಬ್ಯಾಂಕುಗಳಿಗೆ ಪತ್ರ ಹೋಯಿತು, ಉತ್ತರ ನೇರವಾಗಿ ಕಂಟ್ರೋಲರ್‌ಗೆ ಬರಲಿ ಎಂದು. ಹನ್ನೆರಡು ದಿನದಲ್ಲಿ ಮೂರೂ ಉತ್ತರ ಬಂದವು, ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು. ಆ ಪತ್ರಗಳ ಒಂದೊಂದು ಪ್ರತಿಯನ್ನು ಅವಳ ಕೈಯಲ್ಲೇ ನನ್ನ ‘ನಗದು’ ಖಾತೆಯ ಪುಟಕ್ಕೆ ಅಂಟಿಸಿದೆ, ಕೆಳಗೆ ತಾರೀಕು ಹಾಕಿಸಿದೆ.